ಮಾಲ್‌ಸುನ್ ಬೇಲಿಯ ಹೊಗೆ

ನೆತ್ತಲಿಗೆ ಮೂಗಿನ ತುದಿಯಲ್ಲೇ ಕೋಪ ಎಂಬುದು ಸೊಲ್ಮೊಕ್ ಹಳ್ಳಿಯ ಮಕ್ಕಳಿಗೂ ಗೊತ್ತು. ನೀರಿನಿಂದ ಎತ್ತಿದ ಮರುಕ್ಷಣ ಮೈ ಕೊಡವಿ ಸತ್ತುಹೋಗುತ್ತದೆ. ಬೇರೆ ಮೀನುಗಳಾದರೆ ಬುಟ್ಟಿಯಲ್ಲಿ ಬಿದ್ದು ಒದ್ದಾಡಿ, ಬಾಯಿ ಕಳೆದು, ಇನ್ನೂ ಏನಾದರೂ ಆದೀತೆಂದು ಕಾಯುತ್ತವೆ. ನೆತ್ತಲಿಗೆ ಅಂಥ ತಾಳ್ಮೆಯಿಲ್ಲ. ಬೆರಳುದ್ದದ ಜೀವ, ವರ್ಷದ ಆಯುಸ್ಸು, ಹೆಚ್ಚೆಂದರೆ ಒಂದೂವರೆ. ಅಷ್ಟರಲ್ಲಿ ಹುಟ್ಟಿ, ಬೆಳೆದು, ಮೊಟ್ಟೆಯಿಟ್ಟು ಎಲ್ಲ ಮುಗಿಸಬೇಕು. ನಿಧಾನವಾಗಿ ಸಾಯಲು ಅದಕ್ಕೆ ಪುರುಸೊತ್ತಾದರೂ ಎಲ್ಲಿದೆ?

ತನ್ನ ಸೊಸೆ ಮಾಲ್‌ಸುನ್‌ಗೂ ಅದೇ ಜಾತಿಯ ಕೋಪ ಎಂದು ಅತ್ತೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣೇ ಆದಾಗ, ಇಲ್ಲಿಗೆ ನಿಲ್ಲಲಿ ಎಂದು ಇಟ್ಟ ಹೆಸರು ಮಾಲ್‌ಸುನ್. ನಮ್ಮ ಸಾಕಮ್ಮ ಇದ್ದ ಹಾಗೆ. ದ್ವೀಪದ ದಕ್ಷಿಣ ತುದಿಯ ಮಿಜೋ ಊರಿನಿಂದ ಇಪ್ಪತ್ತೆರಡನೇ ವಯಸ್ಸಿಗೆ ಮದುವೆಯಾಗಿ ಬಂದವಳು, ಹಾಗಾಗಿ ಊರವರ ಬಾಯಲ್ಲಿ ಅವಳು ಮಿಜೋದವಳು. ಸಾಕು ಎಂದು ಹೆಸರಿಟ್ಟವರಿಗೆ ಈ ಹುಡುಗಿಗೆ ಯಾವುದೂ ಸುಲಭಕ್ಕೆ ಸಾಕೆನಿಸುವುದಿಲ್ಲ ಎಂದು ಗೊತ್ತಿರಲಿಲ್ಲ. ಬಂದ ವರ್ಷದಿಂದ ಒಲೆಮನೆ ಅವಳ ಕೈಗೆ ಬಿತ್ತು. ಕೊಪ್ಪರಿಗೆಯ ಉಪ್ಪುನೀರಿನಲ್ಲಿ ನೆತ್ತಲಿ ಬೇಯಿಸಿ, ಬಿದಿರ ತಟ್ಟೆಗಳಲ್ಲಿ ಹರಡಿ ಒಣಗಿಸುವುದು ಹೆಂಗಸರ ಕೆಲಸ. ಹಿಡಿದು ತರುವುದು ಗಂಡಸರದು. ಗಂಡ ಚಂಗ್‌ಗಿಲ್ ತಂದ ಬುಟ್ಟಿಯಲ್ಲಿ ಮೀನಿನ ಬೆಳ್ಳಿ ಹುರುಪೆ ಸ್ವಲ್ಪ ಉದುರಿದ್ದರೂ ಅವಳು ಬಾಗಿಲಲ್ಲೇ ತಡೆದು, ಇದನ್ನು ಬೆಕ್ಕಿಗೆ ಹಾಕು, ನನ್ನ ಕೊಪ್ಪರಿಗೆಗಲ್ಲ ಎಂದು ವಾಪಸು ಕಳಿಸುತ್ತಿದ್ದಳು. ಮೊದಮೊದಲು ಅವನಿಗೂ ಸಿಟ್ಟು ಬರುತ್ತಿತ್ತು. ಆಮೇಲೆ ಮಾಲು ಕೊಳ್ಳುವವರು ಆ ಮನೆಯ ತಟ್ಟೆಗಳ ಹತ್ತಿರವೇ ಮೊದಲು ನಿಲ್ಲತೊಡಗಿದ ಮೇಲೆ ಸುಮ್ಮನಾದ.

ಸೊಲ್ಮೊಕ್‌ನ ಮುಂದೆ ಎರಡು ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲಿ ಕಡಲು ನದಿಯ ಹಾಗೆ ಓಡುತ್ತದೆ. ಅಲ್ಲಿ ಓಕ್ ಮರದ ಗೂಟಗಳನ್ನು ಎರಡು ಸಾಲಾಗಿ ನೆಟ್ಟು, ಬಿದಿರ ತಡಿಕೆ ಕಟ್ಟಿ, ಸಾಲುಗಳು ಕೂಡುವ ಮೂಲೆಯಲ್ಲಿ ಒಂದು ದುಂಡು ಗೂಡು ಮಾಡಿರುತ್ತಾರೆ, ಬೇಲಿ ಎಂದರೆ ಇದೇ. ಇಳಿಯುವ ನೀರಿನ ಜೊತೆ ಬಂದ ನೆತ್ತಲಿ ಆ ಗೂಡಿಗೆ ಸೇರುತ್ತದೆ. ನೀರು ಸೊಂಟಕ್ಕೆ ಇಳಿದಾಗ ಗೂಡಿನೊಳಗೆ ಇಳಿದು ಕೈಬಲೆಯಲ್ಲಿ ಎತ್ತಿಕೊಳ್ಳಬೇಕು. ಬಲೆಗೆ ಸಿಕ್ಕಿ ಒದ್ದಾಡದ ಮೀನು, ಹೊಳಪು ಕೆಡದ ಮೀನು, ಬೇಲಿಯ ನೆತ್ತಲಿ ಎಂದರೆ ಅದಕ್ಕೇ ಬೆಲೆ. ಗೂಡಿನಲ್ಲಿ ಮೀನು ಕಂಡ ಕೂಡಲೇ ಗಂಡಸು ಗೂಟದ ತುದಿಗೆ ಬಿಳಿ ವಸ್ತ್ರ ಕಟ್ಟುತ್ತಾನೆ. ದಡದಲ್ಲಿ ಹೆಂಗಸು ಅದನ್ನು ನೋಡಿ ಒಲೆ ಹಚ್ಚುತ್ತಾಳೆ. ಅವನು ಎತ್ತಿ ಮುಗಿಸಿ ದೋಣಿ ನೂಕಿಕೊಂಡು ಬರುವ ಹೊತ್ತಿಗೆ ಇವಳ ನೀರು ಕುದಿಯುತ್ತಿರಬೇಕು.

ಬೆಂಕಿಯಿಲ್ಲದೆ ಹೊಗೆಯಿಲ್ಲ ಎನ್ನುತ್ತಾರೆ. ಸೊಲ್ಮೊಕ್‌ನಲ್ಲಿ ಮೀನಿಲ್ಲದೆ ಹೊಗೆಯಿಲ್ಲ. ರಸ್ತೆಯ ಮೇಲೆ ಕೊಳ್ಳುವವರ ಲಾರಿ ನಿಲ್ಲುವುದು ಒಲೆಮನೆಯ ಹೊಗೆ ನೋಡಿ. ಹಾಗಾಗಿ ಬೇಲಿ ನಡೆಸುವ ಹನ್ನೊಂದು ಮನೆಗಳಿಗೆ ಹಿರಿಯರ ಕಾಲದಿಂದ ಎರಡೇ ಕಟ್ಟಳೆ. ಸುಗ್ಗಿಯ ತಿಂಗಳಲ್ಲಿ ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಯಾವ ಒಲೆಮನೆಯಿಂದ ಹೊಗೆ ಏಳಲಿಲ್ಲವೋ ಆ ಮನೆಯ ಬೇಲಿ ಚೀಟಿಗೆ ಬೀಳುತ್ತದೆ, ಯಾರ ಹೆಸರು ಬರುತ್ತದೋ ಅವರದು. ಮೀನಿಲ್ಲದೆ ಹೊಗೆ ಎಬ್ಬಿಸಿದವರ ಮನೆಗಂತೂ ಅಂದಿನಿಂದಲೇ ಬೇಲಿಯಿಲ್ಲ, ಚೀಟಿಯಲ್ಲಿ ಹೆಸರೂ ಇಲ್ಲ.

ಸೋಲ್‌ನಲ್ಲಿ ಒಲಿಂಪಿಕ್ಸ್ ನಡೆದ ವರ್ಷದ ವಸಂತದಲ್ಲಿ ಚಂಗ್‌ಗಿಲ್ ಗೂಟ ಬಡಿಯುವಾಗ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡ. ನಲವತ್ತು ದಿನ ಜಿಂಜು ಪಟ್ಟಣದ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಈ ವರ್ಷ ನೀರಿಗಿಳಿಯುವ ಮಾತೇ ಇಲ್ಲ ಎಂದು ಹೇಳಿ ಕಳಿಸಿದ್ದರು. ಸುಗ್ಗಿ ಶುರುವಾಯಿತು. ಹತ್ತು ಒಲೆಮನೆಗಳಿಂದ ಹೊಗೆ ಎದ್ದಿತು, ಹನ್ನೊಂದನೆಯದರಿಂದ ಇಲ್ಲ. ಯಾರಾದರೂ ಕೈಕೊಡಬಹುದಲ್ಲ ಎಂದು ಕೇಳಬೇಡಿ. ಇಳಿತ ಎಲ್ಲರಿಗೂ ಒಂದೇ ಗಳಿಗೆಗೆ. ತನ್ನ ಗೂಡಿನಲ್ಲಿ ನಿಂತ ಗಂಡಸು ಪಕ್ಕದವನ ಗೂಡಿನಲ್ಲಿ ಹೇಗೆ ನಿಂತಾನು? ಕೂಲಿಯವರೋ, ಆ ತಿಂಗಳಲ್ಲಿ ದ್ವೀಪದಲ್ಲಿ ಒಬ್ಬರೂ ಖಾಲಿಯಿರುವುದಿಲ್ಲ.

ಹತ್ತನೇ ದಿನ ಮೈದುನ ದುಸಿಕ್ ಬಂದ. ಕೆಟ್ಟವನಲ್ಲ, ಆಸ್ಪತ್ರೆಗೆ ಅಣ್ಣನನ್ನು ಹೊತ್ತುಕೊಂಡು ಹೋದವನೇ ಅವನು. ಆದರೆ ಸ್ವಂತ ಬೇಲಿ ಇಲ್ಲದೆ ಬೇರೆಯವರ ದೋಣಿಯಲ್ಲಿ ದುಡಿಯುವವನಿಗೆ ಆಸೆ ಇರುವುದಿಲ್ಲವೇ? ಅವನಿದ್ದ ದೋಣಿ ಅಮಾವಾಸ್ಯೆಯ ಮಾರನೇ ದಿನವಷ್ಟೇ ಅವನನ್ನು ಕೆಲಸದಿಂದ ಬಿಡುತ್ತದಂತೆ. ಬೇಲಿ ಚೀಟಿಗೆ ಬಂದರೆ ತಾನೂ ಹೆಸರು ಹಾಕುತ್ತೇನೆ, ಬಂದರೆ ಮನೆಯೊಳಗೇ ಉಳಿದಂತಾಯಿತು ಎಂದು ಅಣ್ಣನ ಹಾಸಿಗೆಯ ಪಕ್ಕ ಕೂತು ಹೇಳಿದ. ಬರದಿದ್ದರೆ ಎಂದು ಮಾಲ್‌ಸುನ್ ಕೇಳಿದಳು.

"ನಾನೇ ಇಳೀತೀನಿ," ಎಂದಳು.

ಹೆಂಗಸು ಗೂಡಿಗೆ ಇಳಿದರೆ ಆ ವರ್ಷ ಇಕ್ಕಟ್ಟಿಗೆ ನೆತ್ತಲಿಯೇ ಬರುವುದಿಲ್ಲ, ಅವಳ ಬೇಲಿಗಷ್ಟೇ ಅಲ್ಲ, ಯಾರ ಬೇಲಿಗೂ. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಸೊಲ್ಮೊಕ್‌ನಲ್ಲಿ ಬರೆದಿಟ್ಟದ್ದನ್ನು ಯಾರೂ ಅಷ್ಟು ನಂಬುವುದೂ ಇಲ್ಲ. ಚಂಗ್‌ಗಿಲ್ ಗೋಡೆ ನೋಡಿದ. ಎಪ್ಪತ್ತೊಂದು ವರ್ಷದ ಅತ್ತೆ ಕೈಲಿದ್ದ ಬೆಳ್ಳುಳ್ಳಿಯನ್ನು ಕೆಳಗಿಟ್ಟಳು.

"ಏ ಮಿಜೋದವಳೇ, ನಿನ್ನ ಕಾಲು ಆ ಗೂಡಿಗೆ ಬೀಳ್ಬೇಕಂದ್ರೆ ನನ್ನ ಹೆಣದ ಮೇಲೆ ದಾಟ್ಕೊಂಡು ಹೋಗ್ಬೇಕು, ತಿಳ್ಕೊ."

ಹೆಣ ದಾಟುವ ಪ್ರಸಂಗ ಬರಲಿಲ್ಲ. ಮಾಲ್‌ಸುನ್ ನೇರ ಬೇಲಿಯವರ ಹಿರಿಯ ತಾಕ್ ತಾತನ ಜಗಲಿಗೆ ಹೋಗಿ ಕೂತಳು. ತಾತ ಹರಿದ ಬಲೆಯ ಒಂದು ಕಣ್ಣು ಹೊಲಿದು ಮುಗಿಸಿದ. ಕಟ್ಟಳೆಯಲ್ಲಿ ಹೊಗೆಯ ಮಾತಿದೆ, ಗೂಡಿಗೆ ಯಾರು ಇಳಿಯಬೇಕೆಂಬ ಮಾತಿಲ್ಲ ಎಂದ. ಹಾಗಂತ ನಾನು ಇಳಿ ಎಂದು ಹೇಳಿದೆ ಅಂತ ಎಲ್ಲೂ ಹೇಳಬೇಡ ಎಂದೂ ಸೇರಿಸಿದ. ಅಷ್ಟು ಸಾಕಿತ್ತು ಅವಳಿಗೆ. ಮನೆಗೆ ಬಂದರೆ ಕೈಬಲೆ ಮಾಯ. ಅತ್ತೆ ಅದನ್ನು ಸೌದೆ ರಾಶಿಯ ಅಡಿಗೆ ಸೇರಿಸಿದ್ದಳು. ಮಾಲ್‌ಸುನ್ ಅರ್ಧ ದಿನ ಸೌದೆಯೆಲ್ಲ ಎತ್ತಿಹಾಕಿ ಬಲೆ ತೆಗೆದು, ಅದೇ ಸೌದೆಯನ್ನು ಮತ್ತೆ ಅಚ್ಚುಕಟ್ಟಾಗಿ ಜೋಡಿಸಿಟ್ಟಳು.

ಗಂಡನ ರಬ್ಬರ್ ಉಡುಪು ಅವಳಿಗೆ ಕತ್ತಿನವರೆಗೆ ಬರುತ್ತಿತ್ತು. ಹಗ್ಗದಿಂದ ಸೊಂಟಕ್ಕೆ ಬಿಗಿದುಕೊಂಡು ಹುಣ್ಣಿಮೆಯ ದೊಡ್ಡ ಇಳಿತಕ್ಕೆ ಮೊದಲ ಸಲ ಗೂಡಿಗೆ ಇಳಿದಳು. ಅಕ್ಕಪಕ್ಕದ ಬೇಲಿಗಳಿಂದ ಗಂಡಸರು ನೋಡಿ ಮುಖ ತಿರುಗಿಸಿದರು. ಮೀನು ಬಂದಿತ್ತು. ಕಾಲ ಸುತ್ತ ಸಾವಿರಗಟ್ಟಲೆ ಮಿಂಚುತ್ತಿತ್ತು. ಅವಳು ಬಲೆ ಬೀಸಿದಳು, ಮೀನು ಆಚೆ ಓಡಿತು. ಆಚೆ ಬೀಸಿದಳು, ಈಚೆ ಓಡಿತು. ಅವಳಿಗೆ ರೇಗಿತು. ರೇಗಿದಷ್ಟೂ ಬೀಸಿದಳು, ಬೀಸಿದಷ್ಟೂ ಮೀನುಗಳು ಬಿದಿರಿಗೆ ಬಡಿದುಕೊಂಡವು. ಕೊನೆಗೆ ಎರಡು ಬುಟ್ಟಿ ತುಂಬಿತು. ಆದರೆ ನೀರಿನ ಮೇಲೆಲ್ಲ ಬೆಳ್ಳಿಯ ಹೊಟ್ಟು ತೇಲುತ್ತಿತ್ತು, ಬುಟ್ಟಿಯಲ್ಲಿ ಇದ್ದದ್ದು ಬಣ್ಣಗೆಟ್ಟ ಮೀನು.

ದಡದಲ್ಲಿ ಆಗಷ್ಟೇ ತನ್ನ ದೋಣಿಯಿಂದ ಇಳಿದ ದುಸಿಕ್ ನಿಂತಿದ್ದ. ಬುಟ್ಟಿಯೊಳಗೆ ನೋಡಿ, ಪರವಾಗಿಲ್ಲ ಅತ್ತಿಗೆ, ಬೇಯಿಸಿಬಿಡಿ, ಹೊಗೆ ಹೊಗೆಯೇ, ಬೇಲಿ ಉಳಿಯುತ್ತದೆ ಎಂದ. ತನಗೆ ನಷ್ಟವಾಗುವ ಮಾತನ್ನೇ ಅವನು ಹೇಳುತ್ತಿದ್ದ, ಅದನ್ನು ಒಪ್ಪಬೇಕು. ಮಾಲ್‌ಸುನ್ ಬುಟ್ಟಿಯನ್ನೇ ನೋಡುತ್ತಾ ನಿಂತಳು. ಇಪ್ಪತ್ತೆರಡು ವರ್ಷ ಗಂಡನನ್ನು ಬಾಗಿಲಲ್ಲಿ ತಡೆದಿದ್ದು ಇಂಥ ಮೀನಿಗೆ. ಇವತ್ತು ತಾನೇ ತಂದಿದ್ದು ಅಂತ ಒಳಗೆ ಬಿಟ್ಟುಕೊಂಡರೆ, ಒಳಗೆ ಮಲಗಿರುವ ಅವನ ಮುಖ ಹೇಗೆ ನೋಡುವುದು? ಎರಡೂ ಬುಟ್ಟಿಯನ್ನು ನೀರಿಗೆ ಸುರಿದಳು. ಕಡಲಹಕ್ಕಿಗಳಿಗೆ ಹಬ್ಬವಾಯಿತು.

ಅತ್ತೆ ಅಂಗಳದಲ್ಲಿ ಕಾಯುತ್ತಿದ್ದಳು. ಸೊಸೆ ಗೂಡಿಗೆ ಇಳಿದದ್ದಕ್ಕೆ ಬೈಯುತ್ತಾಳೆ ಎಂದುಕೊಂಡರೆ, ಮೀನು ಚೆಲ್ಲಿದ್ದಕ್ಕೆ ಬೈದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದಳು. ನಿನ್ನಪ್ಪ ಮಿಜೋದಲ್ಲಿ ಅರಮನೆ ಕಟ್ಟಿಸಿಟ್ಟಿದ್ದಾನೇನು ಎಂದಳು. ಕೊನೆಗೆ, ಒಳಗೆ ಹೋಗುತ್ತಾ, ಬೆನ್ನು ಹಾಕಿಕೊಂಡೇ ಒಂದು ಮಾತು ಹೇಳಿದಳು.

"ಅದಕ್ಕೂ ಕೋಪ, ನಿಂಗೂ ಕೋಪ. ಇಬ್ರಲ್ಲಿ ಒಬ್ರಾದ್ರೂ ಕೋಪಾನ ದಡದಲ್ಲಿ ಬಿಟ್ಟು ಇಳೀಬೇಕು ಕಣೇ. ಅಟ್ಟಿಸ್ಕೊಂಡು ಹೋದ್ರೆ ಯಾವ ಮೀನು ನಿಲ್ಲತ್ತೆ? ಸುಮ್ನೆ ನಿಂತ್ಕೊ. ಕಾಲು ಮೆಲ್ಲಗೆ ಎಳಿ. ಸುತ್ತು ಹಾಕ್ತಾ ಅದೇ ಬಲೆಗೆ ಬರತ್ತೆ. ಆವಾಗ್ಲೂ ಅದರ ಮುಖ ನೋಡ್ಬೇಡ."

ಮುದುಕಿಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳುವ ಹೊತ್ತಲ್ಲ ಅದು. ಮಾಲ್‌ಸುನ್ ರಬ್ಬರ್ ಉಡುಪು ತೊಳೆಯುತ್ತಿದ್ದಳು.

ಮರುದಿನ ಅವಳ ಬೇಲಿಗೆ ಲೋಳೆಮೀನು ನುಗ್ಗಿದವು. ಗೂಡಿನ ತುಂಬ ಅಂಬಲಿಯ ಹಾಗೆ ತುಂಬಿಕೊಂಡು ತಡಿಕೆಯ ಸಂದುಗಳನ್ನೆಲ್ಲ ಮುಚ್ಚಿದವು. ಮೂರು ದಿನ ಅವನ್ನು ಎತ್ತಿ ಎಸೆಯುವುದೇ ಆಯಿತು. ಮೊಣಕೈಯವರೆಗೆ ಸುಟ್ಟ ಹಾಗೆ ಕೆಂಪು ಬರೆ. ಆಮೇಲೆ ಸಣ್ಣ ಇಳಿತದ ದಿನಗಳು, ನೀರು ಸೋಮಾರಿಯಾಗಿ ಓಡಾಡುತ್ತದೆ, ಮೀನು ಬರುವುದಿಲ್ಲ. ಹೆಂಗಸು ಇಳಿದದ್ದರ ಫಲ ಎಂದು ಬಾವಿಕಟ್ಟೆಯಲ್ಲಿ ಮಾತಾಯಿತು. ಅವಳು ಕೇಳಿಸಿಕೊಂಡಳು, ನೀರು ಸೇದಿಕೊಂಡಳು, ಬಂದಳು. ಮೀನಿರಲಿ ಬಿಡಲಿ, ಪ್ರತಿ ಇಳಿತಕ್ಕೂ ಹೋಗಿ ಗೂಡಿನಲ್ಲಿ ನಿಂತಳು. ಖಾಲಿ ನೀರಿನಲ್ಲಿ ಕಾಲು ಮೆಲ್ಲಗೆ ಎಳೆಯುವುದನ್ನು ಕಲಿತಳು. ನೋಡಿದವರಿಗೆ ತಲೆ ಕೆಟ್ಟಿದೆ ಅನ್ನಿಸಿದ್ದರೆ ತಪ್ಪೇನಿಲ್ಲ.

ಅಮಾವಾಸ್ಯೆ ಬಂತು. ಕೊನೆಯ ದಿನ, ದೊಡ್ಡ ಇಳಿತ, ಮಧ್ಯಾಹ್ನ ಮೂರೂವರೆಗೆ. ಹೊರಡುವ ಮುಂಚೆ ಒಲೆಯಲ್ಲಿ ಸೌದೆ ಜೋಡಿಸಿ, ಕೊಪ್ಪರಿಗೆಗೆ ನೀರು ತುಂಬಿ, ಉಪ್ಪು ಅಳೆದಿಟ್ಟಳು. ಬಿಳಿ ವಸ್ತ್ರ ಕಂಡರೆ ಬೆಂಕಿ ಹಚ್ಚಿ ಅತ್ತೆ, ಕಾಣದಿದ್ದರೆ ಬೇಡ ಎಂದಳು. ಅತ್ತೆ ಮಲಗಿದ ಮಗನ ಕಡೆ ತಿರುಗಿ ಕೂತು ಅವನ ಹೊದಿಕೆ ಸರಿಮಾಡಿದಳು. ಚಂಗ್‌ಗಿಲ್ ಮಾತ್ರ ಹೆಂಡತಿಯ ಸೊಂಟದ ಹಗ್ಗ ನೋಡಿ, ಗಂಟು ಸಡಿಲವಾಗಿದೆ, ಹತ್ತಿರ ಬಾ ಎಂದ. ಮಲಗಿಕೊಂಡೇ ಬಿಗಿದು ಕಟ್ಟಿದ. ತಿಂಗಳಲ್ಲಿ ಅವನು ಆ ವಿಷಯಕ್ಕೆ ಕೈ ಹಾಕಿದ್ದು ಅದೇ ಮೊದಲು.

ಗೂಡಿನಲ್ಲಿ ಸೊಂಟದವರೆಗೆ ನೀರು. ಮೀನಿತ್ತು. ಹೆಚ್ಚೇನಿಲ್ಲ, ಒಂದು ಸಣ್ಣ ಹಿಂಡು, ಬಾಗಿಲ ಕಡೆ ಗುಂಪಾಗಿತ್ತು. ವಸ್ತ್ರ ಕಟ್ಟುವ ಮುಂಚೆ ಒಂದು ಬಲೆ ಎತ್ತಿ ನೋಡೋಣ ಎಂದು ಕೈ ಹಾಕಿದಳು. ಅವಸರವಾಯಿತು. ಹಿಂಡು ಚದುರಿತು, ಒಂದಷ್ಟು ಬಿದಿರಿಗೆ ಬಡಿದು, ಬೆಳ್ಳಿ ಉದುರಿಸಿಕೊಂಡೇ ಬಲೆಗೆ ಸಿಕ್ಕು ಬುಟ್ಟಿಗೆ ಬಿದ್ದವು. ವಸ್ತ್ರ ಇನ್ನೂ ಅವಳ ಕತ್ತಿನಲ್ಲೇ ಇತ್ತು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಬೆಳ್ಳಕ್ಕಿ ಬಂದು ಗೂಟದ ತುದಿಯಲ್ಲಿ ಕೂತಿತು. ಬುಟ್ಟಿಯಿಂದ ಸಿಡಿದ ಮೀನಿಗೆ ಕಣ್ಣಿಟ್ಟು ಅಲ್ಲಾಡದೆ ಕೂತಿತು.

ಪಕ್ಕದ ಬೇಲಿಯವನು ಕೂಗಿದ. ಅವಳು ತಿರುಗಿ ನೋಡಿದರೆ ತನ್ನ ಒಲೆಮನೆಯ ಮೇಲೆ ದಟ್ಟ ಹೊಗೆ ಏಳುತ್ತಿತ್ತು.

ಮುದುಕಿ ಹಕ್ಕಿಯನ್ನು ವಸ್ತ್ರ ಎಂದುಕೊಂಡಿದ್ದಳು. ಹನ್ನೊಂದೂ ಬೇಲಿಗಳಿಗೆ ಆ ಹೊಗೆ ಕಾಣುತ್ತಿತ್ತು, ರಸ್ತೆಗೂ ಕಾಣುತ್ತಿತ್ತು. ಬರಿಗೈಲಿ ಹೋದರೆ ಚೀಟಿಯ ಮಾತೂ ಇಲ್ಲ, ದುಸಿಕ್‌ಗೂ ಸಿಗುವುದಿಲ್ಲ, ಸುಳ್ಳು ಹೊಗೆಯ ಮನೆ ಎಂಬ ಹೆಸರು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಕೆಟ್ಟ ಮೀನು ಒಯ್ದು ಬೇಯಿಸಬಹುದಿತ್ತು. ಹಕ್ಕಿಗೆ ಬಲೆ ಎಸೆಯಬೇಕು ಅನ್ನಿಸಿತು, ಅತ್ತೆಯ ಕಣ್ಣಿಗೆ ಶಾಪ ಹಾಕಬೇಕು ಅನ್ನಿಸಿತು.

ಆಮೇಲೆ ಆ ಕೋಪದ ಹೆಂಗಸು ಮಾಡಿದ್ದನ್ನು ಪಕ್ಕದ ಬೇಲಿಯವನು ಎಷ್ಟೋ ವರ್ಷ ಹೇಳುತ್ತಿದ್ದ. ಕೆಟ್ಟ ಮೀನಿದ್ದ ಬುಟ್ಟಿಯನ್ನು ಹಕ್ಕಿಗೆ ಸುರಿದಳು. ಕತ್ತಿನ ವಸ್ತ್ರ ಬಿಚ್ಚಿ ಗೂಟಕ್ಕೆ ಕಟ್ಟಿದಳು. ಗೂಡಿನ ನಡುವೆ ಬಂದು ನಿಂತಳು. ಸುಮ್ಮನೆ ನಿಂತಳು. ಆಚೆ ನೀರು ಓಡುತ್ತಿದೆ, ಹೊಗೆ ಏಳುತ್ತಿದೆ, ಇನ್ನು ಅರ್ಧ ಗಳಿಗೆಗೆ ನೀರು ತಿರುಗುತ್ತದೆ, ಈ ಹೆಂಗಸು ಮರದ ಗೂಟದ ಹಾಗೆ ನಿಂತಿದ್ದಾಳೆ. ಚದುರಿದ ಮೀನು ಮತ್ತೆ ಒಂದಾಯಿತು. ಆಗ ಅವಳು ಬಲಗಾಲನ್ನು ಮೆಲ್ಲಗೆ ಎಳೆದಳು. ಹಿಂಡು ಸರಿಯಿತು, ಓಡಲಿಲ್ಲ. ಗೂಡಿನ ಗೋಡೆಯ ಉದ್ದಕ್ಕೂ ಸುತ್ತು ಹಾಕತೊಡಗಿತು. ಅವಳು ಬಲೆಯನ್ನು ದಾರಿಯಲ್ಲಿ ಇಳಿಸಿ ಹಿಡಿದು, ಮುಖ ದಡದ ಕಡೆ ತಿರುಗಿಸಿಕೊಂಡಳು. ಕೈಗೆ ಭಾರ ತಿಳಿದಾಗ ಎತ್ತಿದಳು. ಒಂದೂ ಹುರುಪೆ ಉದುರಿರಲಿಲ್ಲ. ಹನ್ನೆರಡು ಸಲ ಹಾಗೆ ಎತ್ತಿದಳು, ಒಂದೂವರೆ ಬುಟ್ಟಿಯಾಯಿತು.

ದಡದಲ್ಲಿ ಆಗಲೇ ಜನ. ತಾಕ್ ತಾತ ತನ್ನ ಬೇಲಿಯ ಮೀನನ್ನು ಹೆಂಡತಿಗೆ ಒಪ್ಪಿಸಿ ಬಂದಿದ್ದ. ದುಸಿಕ್ ಓಡಿ ಬಂದು ದೋಣಿ ಎಳೆದ. ಮಾಲ್‌ಸುನ್ ಯಾರನ್ನೂ ನೋಡದೆ ಒದ್ದೆ ಉಡುಪಿನಲ್ಲೇ ಒಲೆಮನೆಗೆ ನುಗ್ಗಿದಳು. ನೀರು ಸರಿಯಾಗಿ ಕುದಿಯುತ್ತಿತ್ತು. ಅತ್ತೆ ಉಪ್ಪು ಹಾಕಿ, ಅಂಗಿಯ ತೋಳು ಮಡಚಿ, ಜಾಲರಿ ಹಿಡಿದು ನಿಂತಿದ್ದಳು. ಮೀನು ಕೊಪ್ಪರಿಗೆಗೆ ಬಿತ್ತು. ಹಳಸಿದ ನೆತ್ತಲಿ ಕಡ್ಡಿಯ ಹಾಗೆ ನೆಟ್ಟಗೆ ಬೇಯುತ್ತದೆ, ತಾಜಾ ಇದ್ದದ್ದು ಬಾಗುತ್ತದೆ. ತಾತ ಬಗ್ಗಿ ನೋಡಿದ. ಎಲ್ಲವೂ ಬಾಗಿ, ಬೆಳ್ಳಗೆ ಹೊಳೆಯುತ್ತಾ ಮೇಲೆ ಬಂದವು. ಒಂದನ್ನು ಎತ್ತಿ ಊದಿ ಬಾಯಿಗೆ ಹಾಕಿಕೊಂಡ. ಎಲ್ಲರೂ ಅವನ ದವಡೆಯನ್ನೇ ನೋಡುತ್ತಿದ್ದರು.

"ಉಪ್ಪು ಕಮ್ಮಿ," ಎಂದ.

"ನಿನ್ನ ಹೆಂಡ್ತಿ ಕೈಯುಪ್ಪು ತಿಂದು ನಾಲಿಗೆ ಸತ್ತಿದೆ, ಹೋಗು," ಎಂದಳು ಅತ್ತೆ.

ತಾತ ನಕ್ಕು, ಹೊರಗೆ ಹೋಗುತ್ತಾ ಮಾಲ್‌ಸುನ್ ಕಡೆ ತಿರುಗಿ, ನಾಳೆ ಇಳಿತ ನಾಲ್ಕರ ಮೇಲೆ, ಬೇಗ ಹೋಗಿ ನೀರಲ್ಲಿ ಕಾಲು ನೆನೆಸಬೇಡ ಎಂದ. ಬೇಲಿ ನಡೆಸುವವರಿಗೆ ದಿನಾ ಹೇಳುವ ಮಾತು ಅದು. ಅಂದು ಹನ್ನೊಂದೂ ಬೇಲಿಗೆ ಮೀನು ಬಂದಿತ್ತು, ಹಾಗಾಗಿ ಹೆಂಗಸು ಇಳಿದ ಮಾತನ್ನು ಯಾರೂ ಎತ್ತಲಿಲ್ಲ. ದುಸಿಕ್ ಮರುದಿನದಿಂದ ಅತ್ತಿಗೆಯ ದೋಣಿಗೇ ಹುಟ್ಟು ಹಾಕಿದ, ಪಾಲಿಗೆ ಮೀನು ತೆಗೆದುಕೊಂಡ. ಚಂಗ್‌ಗಿಲ್ ಮುಂದಿನ ವರ್ಷ ಎದ್ದು ಓಡಾಡಿದ, ಆದರೆ ಗೂಡಿಗೆ ಇಳಿಯಲಿಲ್ಲ. ಒಲೆಮನೆಯ ಬಾಗಿಲಲ್ಲಿ ನಿಂತು, ಹೆಂಡತಿ ತಂದ ಬುಟ್ಟಿಯನ್ನು ತಡೆದು ನೋಡುವ ಸುಖ ಅವನದಾಯಿತು. ಹತ್ತೊಂಬತ್ತು ವರ್ಷ ಬೇಲಿ ನಡೆಸಿದಳು ಮಾಲ್‌ಸುನ್.

ಆದರೆ ಅಮಾವಾಸ್ಯೆಯ ಮರುದಿನದ ಬೆಳಗನ್ನು ಹೇಳದಿದ್ದರೆ ಇದೆಲ್ಲ ಅರ್ಧವೇ.

ಬಿಸಿಲು ಚೆನ್ನಾಗಿತ್ತು. ಅತ್ತೆ ಸೊಸೆ ಇಬ್ಬರೂ ಅಂಗಳದಲ್ಲಿ ಕೂತು ತಟ್ಟೆಯ ಮೀನನ್ನು ಆರಿಸುತ್ತಿದ್ದರು. ನೆತ್ತಲಿಯ ಜೊತೆ ಬಂದ ಕೂದಲೆಳೆಯಂಥ ಸಿಗಡಿ, ಅಕ್ಕಿಕಾಳಿನಷ್ಟು ಏಡಿ, ಎಲ್ಲವನ್ನೂ ಹೆಕ್ಕಿ ತೆಗೆಯಬೇಕು. ಮಾಲ್‌ಸುನ್ ಒಂದು ತಟ್ಟೆ ಮುಗಿಸುವಷ್ಟರಲ್ಲಿ ಅತ್ತೆ ಎರಡು ಮುಗಿಸಿದ್ದಳು. ಅವಳು ಆರಿಸಿದ ತಟ್ಟೆಯಲ್ಲಿ ಒಂದು ಸಿಗಡಿಯ ಮೀಸೆಯೂ ಉಳಿದಿರಲಿಲ್ಲ. ಮಾಲ್‌ಸುನ್ ಕೈ ನಿಲ್ಲಿಸಿ ಆ ತಟ್ಟೆಯನ್ನೂ, ಅತ್ತೆಯ ಕಣ್ಣನ್ನೂ, ದೂರದ ಗೂಟವನ್ನೂ ನೋಡಿದಳು. ಬೆಳ್ಳಕ್ಕಿ ಇವತ್ತೂ ಅಲ್ಲಿ ಕೂತಿತ್ತು. ಅದರ ಕೊಕ್ಕು ಕೂಡ ಕಾಣುತ್ತಿತ್ತು.

"ಅತ್ತೆ, ನಿನ್ನೆ ನಿಮ್ಗೆ ಅದು ನಿಜವಾಗ್ಲೂ ವಸ್ತ್ರದ ಥರ ಕಾಣ್ತಾ?"

ಮುದುಕಿ ತಲೆ ಎತ್ತಲಿಲ್ಲ. ಸಿಗಡಿ ಹೆಕ್ಕುತ್ತಾ ತಟ್ಟೆಗೇ ಹೇಳುವವಳ ಹಾಗೆ ಹೇಳತೊಡಗಿದಳು. ಐವತ್ತನೇ ಇಸವಿಯ ಯುದ್ಧಕ್ಕೆ ಗಂಡಸರೆಲ್ಲ ಹೋದಾಗ ಮೂರು ತಿಂಗಳು ಆ ಗೂಡಿನಲ್ಲಿ ನಿಂತವಳು ಅವಳೇ. ಬೆನ್ನಿಗೆ ಚಂಗ್‌ಗಿಲ್‌ನ ತಂಗಿಯನ್ನು ಕಟ್ಟಿಕೊಂಡು. ಊರಿಗೆ ಊರೇ ಆ ಮೀನು ತಿಂದು ಜೀವ ಹಿಡಿದಿತ್ತು. ಗಂಡಸರು ತಿರುಗಿ ಬಂದ ಮೇಲೆ, ಹೆಂಗಸು ಇಳಿದರೆ ಮೀನು ಬರುವುದಿಲ್ಲ ಎಂದರು. ಇವಳು ಕೈಬಲೆ ಕೊಟ್ಟು ಒಲೆಮನೆಗೆ ಬಂದಳು. ಮೂವತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದಳು, ಸುಳ್ಳೆಂದು ಗೊತ್ತಿದ್ದೂ ಸೊಸೆಗೂ ಅದನ್ನೇ ಹೇಳಿದ್ದಳು. ನಾಚಿಕೆಯಾಗುತ್ತೆ ಕಣೇ ಎಂದಳು.

"ಬೆಳ್ಳಕ್ಕಿ ಅಂತ ಗೊತ್ತಿತ್ತು. ಹೊಗೆ ಎದ್ರೆ ನೀನು ಬರಿಗೈಲಿ ಬರೋಳಲ್ಲ ಅಂತಾನೂ ಗೊತ್ತಿತ್ತು."

ಹೇಳಿ, ಸೊಸೆಯ ಮುಂದಿದ್ದ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಅವಳು ಬಿಟ್ಟಿದ್ದ ಸಿಗಡಿಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.